ಸ್ವಾರ್ಥ ಬಿಡೋದು ಎಲ್ಲಿಂದ ಶುರು ಮಾಡಬೇಕು?

ಮೆಥೊಡಿಸ್ಟ್ ಎಂಬ ಕ್ರೈಸ್ತ ಸಂಪ್ರದಾಯದಲ್ಲಿ ಹೊಸ ವರ್ಷಕ್ಕೆ ಒಡಂಬಡಿಕೆಯ ಆರಾಧನೆ ಅಂತ ಒಂದಿದೆ, ತಮ್ಮನ್ನು ಮತ್ತೆ ದೇವರಿಗೆ ಒಪ್ಪಿಸಿಕೊಳ್ಳೋದು. ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಶುರು ಮಾಡಿದ್ದು. ‘ನಾನಿನ್ನು ನನ್ನವನಲ್ಲ, ನಿನ್ನವನು’ ಎಂದು ಎಲ್ಲರೂ ಒಟ್ಟಿಗೆ ದೇವರಿಗೆ ಹೇಳುವ ಪ್ರಾರ್ಥನೆ ಈಗ ಅದರಲ್ಲಿ ಬರುತ್ತದೆ. ಬೀದರ್ ಜಿಲ್ಲೆಯಲ್ಲಿ ಮೆಥೊಡಿಸ್ಟ್ ಸಭೆಗಳಿಗೆ, ಅಂದರೆ ಚರ್ಚುಗಳಿಗೆ, ಕಡಿಮೆ ಇಲ್ಲ. ಆ ಮಾತನ್ನು ಹೇಳೋದೂ ಕಷ್ಟ ಅಲ್ಲ. ಜನವರಿ 2ನೇ ತಾರೀಖು ಬೆಳಿಗ್ಗೆ, ದುಡ್ಡು ಕೇಳಬಹುದು ಅಂತ ಗೊತ್ತಿರುವ ತಮ್ಮನ ಫೋನ್ ಬಂದಾಗ ಎತ್ತೋದು ಕಷ್ಟ.

ಈ ಲೇಖನ ಆ ಜನವರಿ 2ನೇ ತಾರೀಖಿನ ಕಷ್ಟದ ಬಗ್ಗೆ. ಮೆಥೊಡಿಸ್ಟರೇ ಆಗಬೇಕಿಲ್ಲ. ಕಥೋಲಿಕರಾಗಲಿ, ಪೆಂತೆಕೋಸ್ತ್ ಸಭೆಯವರಾಗಲಿ, ಯಾರಿಗಾದರೂ ನಡೆಯುತ್ತದೆ. ‘ಮೊದಲು ಮನಸ್ಸು ಬದಲಾಗಲಿ, ಆಮೇಲೆ ಕೆಲಸ ಮಾಡ್ತೀನಿ’ ಅಂತ ಕೂತವರ ಮನಸ್ಸು ಬದಲಾಗಿದ್ದನ್ನು ನಾನು ನೋಡಿದ್ದು ಕಡಿಮೆ. ಕೆಲಸ ಮೊದಲು ಶುರುವಾಗಲಿ. ಮನಸ್ಸು ಹಿಂದೆ ಬರುತ್ತದೆ, ಕೆಲವು ಸಲ ಗೊಣಗುತ್ತಾ ಬರುತ್ತದೆ, ಬರಲಿ ಬಿಡಿ.

ಮೊದಲ ಹೆಜ್ಜೆ: ಚರ್ಚ್‌ನಿಂದ ಅಲ್ಲ, ಮನೆಯಿಂದ ಶುರು ಮಾಡಿ

ಭಕ್ತರ ಸ್ವಾರ್ಥ ಬರಿಗಾಲಲ್ಲಿ ಬರೋದಿಲ್ಲ, ದೇವರ ಹೆಸರು ಹೇಳಿಕೊಂಡೇ ಬರುತ್ತದೆ. ಮಾರ್ಕ 7ನೇ ಅಧ್ಯಾಯದಲ್ಲಿ ಯೇಸು ಬೈದದ್ದು ಇಂಥವರನ್ನೇ. ವಯಸ್ಸಾದ ತಂದೆ ತಾಯಿಗೆ ಕೊಡಬೇಕಾದ್ದನ್ನು ‘ಇದು ದೇವರಿಗೆ ಮೀಸಲು’ ಅಂದುಬಿಟ್ಟರೆ ಕೊಡಬೇಕಾಗಿಲ್ಲ ಅನ್ನೋ ದಾರಿ ಹುಡುಕಿಕೊಂಡಿದ್ದರು. ಸುಲಭದ ದಾರಿ ಅಲ್ವಾ? ಪುಣ್ಯವೂ ಬಂತು, ದುಡ್ಡೂ ಉಳಿಯಿತು.

ನಮ್ಮಲ್ಲಿ ಅದು ಬೇರೆ ರೂಪದಲ್ಲಿದೆ. ಮಗ ವಾರಕ್ಕೆ ಮೂರು ದಿನ ಪ್ರಾರ್ಥನಾ ಕೂಟ ನಡೆಸುತ್ತಾನೆ. ಹಳ್ಳಿಯಲ್ಲಿರುವ ಅವ್ವನ ಬಿಪಿ ಗುಳಿಗೆ ತೀರಿ ಎಷ್ಟು ದಿನ ಆಯಿತು ಅಂತ ಅವನಿಗೆ ಗೊತ್ತಿಲ್ಲ. ಉಪವಾಸ ಪ್ರಾರ್ಥನೆಗೆ ಹೋದ ಗಂಡ ಮನೆಗೆ ಬಂದು ‘ಇನ್ನೂ ಅಡಿಗಿ ಆಗಿಲ್ಲೇನು?’ ಅಂತಾನೆ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ನಿಮ್ಮಿಂದ ತಪ್ಪಿಸಿಕೊಂಡು ಬೇರೆಯವರ ತಲೆಗೆ ಬಿದ್ದಿರುವ ಒಂದು ಕೆಲಸ ಹುಡುಕಿ. ಬೆಳಿಗ್ಗೆ ನೀರು ಬಿಟ್ಟಾಗ ಎದ್ದು ಕೊಡ ತುಂಬಿಸೋದು. ಮುತ್ಯಾನನ್ನು ಬಚ್ಚಲಿಗೆ ಕರೆದುಕೊಂಡು ಹೋಗೋದು. ಮಕ್ಕಳ ಹೋಂವರ್ಕ್. ಅದನ್ನು ನಿಮ್ಮದು ಮಾಡಿಕೊಳ್ಳಿ. ಮಾಡುತ್ತೇನೆ ಅಂತ ಯಾರಿಗೂ ಹೇಳಬೇಡಿ, ಸುಮ್ನೆ ಮಾಡಿ. ಒಂದು ತಿಂಗಳು ನಡೆಸಿ. ಯಾರೂ ಹೊಗಳಲಿಲ್ಲ ಅಂತ ಸಿಟ್ಟು ಬಂದರೆ, ಹೊಗಳಿಕೆಗಾಗಿ ಮಾಡುತ್ತಿದ್ದೆ ಅಂತ ಆ ಸಿಟ್ಟಿನಿಂದ ತಿಳಿಯುತ್ತದೆ. ತಿಳಿದ ಮೇಲೂ ಮಾಡಿ.

ಎರಡನೇ ಹೆಜ್ಜೆ: ಒಬ್ಬರನ್ನು ಹಿಡಿದುಕೊಳ್ಳಿ

ನಿಷ್ಠೆ ಅಂದ ಕೂಡಲೇ ಬೈಬಲಿನ ರೂತಳ ಮಾತು ನೆನಪಾಗುತ್ತದೆ: ‘ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು.’ ಮದುವೆ ಕಾರ್ಡಿನ ಮೇಲೂ ಹಾಕಿಸುತ್ತಾರೆ. ಸೊಸೆ ಅತ್ತೆಗೆ ಹೇಳಿದ ಮಾತು ಅನ್ನೋದು ಎಷ್ಟು ಜನಕ್ಕೆ ನೆನಪಿದೆಯೋ!

ನನಗೆ ಅದಕ್ಕಿಂತ ರೂತಳ ಪುಸ್ತಕದ ಎರಡನೇ ಅಧ್ಯಾಯ ಜಾಸ್ತಿ ಇಷ್ಟ. ಅಲ್ಲಿ ದೊಡ್ಡ ಮಾತೇ ಇಲ್ಲ. ರೂತಳು ಬಿಸಿಲಲ್ಲಿ ಹಕ್ಕಲು, ಅಂದರೆ ಕೊಯ್ಲಿನಲ್ಲಿ ಬಿದ್ದು ಉಳಿದ ತೆನೆ, ಆಯುತ್ತಾಳೆ. ಜವೆಗೋದಿ ಸುಗ್ಗಿ ಮುಗಿಯಿತು, ಗೋದಿ ಸುಗ್ಗಿಯೂ ಮುಗಿಯಿತು, ಅಲ್ಲಿಯವರೆಗೂ ಆಯುತ್ತಾಳೆ. ಮಧ್ಯಾಹ್ನ ಹುರಿದ ಕಾಳು ಕೊಟ್ಟರೆ ಹೊಟ್ಟೆ ತುಂಬ ತಿಂದು, ಉಳಿದದ್ದನ್ನು ಮನೆಗೆ ತಂದು ಅತ್ತೆಗೆ ಕೊಡುತ್ತಾಳೆ. ರಾಶಿ ಆದ ಹೊಲದಲ್ಲಿ ಹಕ್ಕಲು ಆಯ್ದವರಿಗೆ, ಅವರ ಮಕ್ಕಳಿಗೆ, ಇದು ಎಂಥ ಬೆನ್ನು ನೋವಿನ ಕೆಲಸ ಅಂತ ಬಿಡಿಸಿ ಹೇಳಬೇಕಿಲ್ಲ.

ನೀವೂ ಒಬ್ಬರನ್ನು ಆರಿಸಿಕೊಳ್ಳಿ. ‘ಬಡವರು’ ಅಂತಲ್ಲ, ಹೆಸರಿರುವ ಒಬ್ಬರು. ನಿಮಗೆ ವಾಪಸ್ ಏನೂ ಕೊಡಲಾರದವರು. ಗಂಡ ತೀರಿಕೊಂಡ ಅಕ್ಕ ಇರಬಹುದು. ಮಕ್ಕಳೆಲ್ಲ ಹೈದರಾಬಾದಿಗೆ, ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗಿ ಒಬ್ಬರೇ ಉಳಿದಿರುವ ಆಯಿ ಇರಬಹುದು. ಜೈಲಿಗೆ ಹೋಗಿ ಬಂದದ್ದಕ್ಕೆ ಎಲ್ಲರೂ ಮಾತು ಬಿಟ್ಟಿರುವ ಹುಡುಗ ಇರಬಹುದು. ಅಪೊಸ್ತಲ ಪೌಲ ರೋಮ್‌ನಲ್ಲಿ ಬೇಡಿಯಲ್ಲಿದ್ದಾಗ ಒನೇಸಿಫೊರ ಎಂಬವನು ಊರೆಲ್ಲ ಹುಡುಕಿಕೊಂಡು ಬಂದನಂತೆ, ಬೇಡಿ ನೋಡಿ ನಾಚಿಕೊಳ್ಳಲಿಲ್ಲವಂತೆ (2 ತಿಮೊಥೆ 1:16-17). ಅದೇ ಪತ್ರದ ಕೊನೆಯಲ್ಲಿ ದೇಮ ಎಂಬ ಜೊತೆಗಾರ ಪೌಲನನ್ನು ಬಿಟ್ಟುಹೋದ ಸುದ್ದಿಯೂ ಇದೆ. ಇಬ್ಬರಿಗೂ ಬೈಬಲ್ ಕೊಟ್ಟದ್ದು ಒಂದೆರಡು ಸಾಲು ಅಷ್ಟೇ.

ನಿಷ್ಠೆ ಹೆಚ್ಚಾಗಿ ಗೊತ್ತಾಗೋದು ಆಸ್ಪತ್ರೆಯಲ್ಲಿ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಭೆಯವರು ಯಾರೋ ಬೀದರಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ನಲ್ಲಿ ಅಡ್ಮಿಟ್ ಆದರು ಅಂದುಕೊಳ್ಳಿ. ಮೊದಲ ದಿನ ಜನವೋ ಜನ. ಬಾಳೆಹಣ್ಣು, ಬಿಸ್ಕಿಟ್ ಪುಡಿಕೆ, ಬ್ರೆಡ್ಡು. ಎಲ್ಲರೂ ಹೋಗುವಾಗ ‘ಏನಾದ್ರೂ ಬೇಕಿದ್ರ ಹೇಳ್ರಿ’ ಅಂತಾರೆ. ಯಾರೂ ಹೇಳೋದಿಲ್ಲ, ಹೇಳಲಿಕ್ಕೆ ನಾಚಿಕೆ. ನಾಲ್ಕನೇ ದಿನ ರೋಗಿಯ ಹೆಂಡತಿ ಒಬ್ಬಳೇ ವರಾಂಡದಲ್ಲಿ ಕೂತಿರುತ್ತಾಳೆ. ಮೂರು ರಾತ್ರಿ ನಿದ್ದೆ ಇಲ್ಲ, ತಲೆ ಬಾಚಿಲ್ಲ, ಕೈಯಲ್ಲಿ ರಕ್ತ ಪರೀಕ್ಷೆಯ ಚೀಟಿ, ಅದನ್ನು ಎಲ್ಲಿ ಕೊಡಬೇಕು ಅಂತ ಗೊತ್ತಿಲ್ಲ.

ನೀವು ನಾಲ್ಕನೇ ದಿನ ಹೋಗಿ. ‘ಏನಾದ್ರೂ ಬೇಕಾ’ ಅಂತ ಕೇಳಬೇಡಿ. ‘ಅಕ್ಕಾ, ಇವತ್ ರಾತ್ರಿ ನಾ ಇರ್ತೀನಿ. ನೀವು ಮನಿಗಿ ಹೋಗಿ ಮಕ್ಕೊಂಡು ಬರ್ರಿ’ ಅನ್ನಿ. ಹೆಂಗಸರ ವಾರ್ಡಾದರೆ ನಿಮ್ಮ ಮನೆಯಿಂದ ಹೆಣ್ಣುಮಕ್ಕಳು ಹೋಗಬೇಕು, ಮೊದಲೇ ಮಾತಾಡಿಕೊಂಡಿರಿ. ಜೊತೆಗೆ ಒಂದು ಚಾಪೆ, ಹೊದಿಕೆ, ಬಿಸಿನೀರಿನ ಫ್ಲಾಸ್ಕ್, ಉದ್ದ ವಯರಿನ ಚಾರ್ಜರ್. ಎರಡು ರೊಟ್ಟಿ ಜಾಸ್ತಿ ಕಟ್ಟಿಸಿಕೊಳ್ಳಿ, ಪಕ್ಕದ ಮಂಚದವರಿಗೂ ಯಾರೂ ಇರೋದಿಲ್ಲ ಎಷ್ಟೋ ಸಲ. ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್ ನಾಲ್ಕು ನಾಲ್ಕು ಮಾಡಿಸಿ ಕವರಿನಲ್ಲಿ ಹಾಕಿ ಕೊಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಕೇಸಿಗೆ ಮಾತ್ರ ವಿನಾಯಿತಿ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಗಾಡಿ ಮಾಡಿಕೊಂಡು ಓಡುವ ಮೊದಲು ಈ ಮಾತನ್ನು ಆಸ್ಪತ್ರೆಯಲ್ಲೇ ಕೇಳಿಕೊಳ್ಳುವವರು ಒಬ್ಬರು ಬೇಕು. ಗಾಬರಿಯಲ್ಲಿರುವ ಮನೆಯವರಿಗೆ ಅದು ಹೊಳೆಯೋದಿಲ್ಲ.

ಪ್ರಾರ್ಥನೆ ಮಾಡಿ, ಆದರೆ ಸಣ್ಣದಾಗಿ, ಮೆಲ್ಲಗೆ. ವಾರ್ಡಿನಲ್ಲಿ ಇಪ್ಪತ್ತು ಜನ ನೋವಿನಲ್ಲಿ ಮಲಗಿರುವಾಗ ಅರ್ಧ ತಾಸು ಎತ್ತರದ ದನಿಯಲ್ಲಿ ಪ್ರಾರ್ಥನೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವವರ ಬಗ್ಗೆ ಹೇಳೋದೇ ಬೇಡ. ಸಲೈನ್ ಹಚ್ಚಿಕೊಂಡು ಮಲಗಿದವನನ್ನು ಕೇಳಿದ್ದೀರಾ?

ಮೂರನೇ ಹೆಜ್ಜೆ: ಖರ್ಚಿಗೆ ಮೊದಲು ಗೆರೆ ಎಳೆಯಿರಿ

ದಶಮಾಂಶದ ಬಗ್ಗೆ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು ದೇವರಿಗೆ ಕೊಡುವ ಬಗ್ಗೆ, ಪ್ರಸಂಗ ಬೇಕಾದಷ್ಟಾಗಿದೆ. ಉಳಿದ ಒಂಬತ್ತು ಪಾಲಿನ ಬಗ್ಗೆ ಯಾರೂ ಮಾತಾಡೋದಿಲ್ಲ.

ವೆಸ್ಲಿ ಆಕ್ಸ್‌ಫರ್ಡ್‌ನಲ್ಲಿದ್ದಾಗಿನ ಲೆಕ್ಕ ಪ್ರಸಿದ್ಧ. ಒಂದು ವರ್ಷ 30 ಪೌಂಡ್ ಬಂತು, 28ರಲ್ಲಿ ಜೀವನ ಮಾಡಿ 2 ಕೊಟ್ಟ. ಮುಂದಿನ ವರ್ಷ 60 ಬಂತು. ಆಗಲೂ 28ರಲ್ಲೇ ಇದ್ದು 32 ಕೊಟ್ಟ. ಮೂರನೇ ವರ್ಷ 90 ಬಂದಾಗ 62. ನಮ್ಮದು ಇದಕ್ಕೆ ಉಲ್ಟಾ. ಸಂಬಳ ಎರಡು ಸಾವಿರ ಏರಿದರೆ ಮೊಬೈಲಿನ ಕಂತು ಮೂರು ಸಾವಿರ ಏರುತ್ತದೆ. ವೆಸ್ಲಿಗೆ ಆಗ ಹೆಂಡತಿ ಮಕ್ಕಳು ಇರಲಿಲ್ಲ, ಆ ಮಾತೂ ನಿಜ. 28ಕ್ಕೇ ನಿಲ್ಲಿ ಅಂತ ನಾನು ಹೇಳೋದಿಲ್ಲ. ಆದರೆ ಮುಂದಿನ ಸಲ ತೊಗರಿಗೆ ಒಳ್ಳೆ ರೇಟು ಬಂದಾಗ, ಕಬ್ಬಿನ ಬಿಲ್ಲು ಬಂದಾಗ, ಇಂಕ್ರಿಮೆಂಟ್ ಆದಾಗ, ಖರ್ಚು ಮಾಡುವ ಮೊದಲೇ ಇಷ್ಟು ಹೊರಗೆ ಹೋಗಬೇಕು ಅಂತ ಗಂಡ ಹೆಂಡತಿ ಕೂತು ಬರೆದಿಡಿ. ಕೈಗೆ ಬಂದ ಮೇಲೆ ಬರೆದರೆ ಆಗೋದಿಲ್ಲ.

ಕೊಡುವಾಗ ಹೆಸರಿನ ಆಸೆ ಬಿಡೋದು ಇನ್ನೊಂದು ಕೆಲಸ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಗೆ ಬಂದದ್ದರ ಹರಾಜು ನೋಡಿದ್ದೀರಲ್ಲ. ಒಂದು ಕುಂಬಳಕಾಯಿ ಇಬ್ಬರು ಲೀಡರುಗಳ ನಡುವೆ ಏರುತ್ತಾ ಏರುತ್ತಾ ಸಾವಿರಗಟ್ಟಲೆಗೆ ನಿಲ್ಲುತ್ತದೆ. ಮೈಕಿನಲ್ಲಿ ಹೆಸರು, ಚಪ್ಪಾಳೆ. ಸಭೆಗೆ ದುಡ್ಡು ಬರುತ್ತದೆ, ಬೇಡ ಅನ್ನಲಾರೆ. ಆ ಖುಷಿಯೂ ನನಗೆ ಇಷ್ಟವೇ. ಆದರೆ ಅದೇ ಲೀಡರಿನ ಹೊಲದಲ್ಲಿ ಕಳೆ ತೆಗೆದ ಹೆಣ್ಣುಮಗಳ ಕೂಲಿ ಇನ್ನೂ ಬಾಕಿ ಇದ್ದರೆ ಕುಂಬಳಕಾಯಿಗೆ ಕೊಟ್ಟದ್ದು ಯಾರ ದುಡ್ಡು? ಯಾಕೋಬನ ಪತ್ರ 5:4 ಓದಿ, ಇದೇ ಮಾತಿದೆ. ಹರಾಜಿಗೆ ಹೋಗುವ ಮೊದಲು ಕೂಲಿ ಚುಕ್ತಾ ಮಾಡಿ.

ಹೊಲ ಮಾರಿದ ದುಡ್ಡಿನಲ್ಲಿ ಒಂದು ಪಾಲು ಬಚ್ಚಿಟ್ಟುಕೊಂಡ ಅನನೀಯ ಸಪ್ಫೈರ ದಂಪತಿಯ ಕಥೆಯನ್ನು ‘ಪೂರ್ತಿ ಕೊಡಲಿಲ್ಲ, ಅದಕ್ಕೆ ಸತ್ತರು’ ಅಂತ ಹೆದರಿಸಲು ಬಳಸುವವರಿದ್ದಾರೆ. ಅಪೊಸ್ತಲರ ಕೃತ್ಯಗಳು 5:4ರಲ್ಲಿ ಪೇತ್ರ ಹೇಳಿದ್ದು ಬೇರೆ. ಮಾರುವ ಮೊದಲು ಹೊಲ ನಿನ್ನದೇ, ಮಾರಿದ ಮೇಲೆ ದುಡ್ಡೂ ನಿನ್ನ ಕೈಯಲ್ಲೇ ಇತ್ತು. ಒಂದು ಪಾಲು ಇಟ್ಟುಕೊಂಡದ್ದು ತಪ್ಪಲ್ಲ. ಒಂದು ಪಾಲು ಕೊಟ್ಟು ಪೂರ್ತಿ ಕೊಟ್ಟ ಹೆಸರು ತೆಗೆದುಕೊಳ್ಳಲು ಹೋದದ್ದು ತಪ್ಪು. ಆಗುವಷ್ಟು ಕೊಡಿ, ಎಷ್ಟು ಕೊಟ್ಟಿರೋ ಅಷ್ಟೇ ಹೇಳಿ. ಹೇಳದಿದ್ದರೆ ಇನ್ನೂ ಒಳ್ಳೆಯದು.

ಕೈಗಡ ಕೇಳಿದವರಿಗೆ, ವಾಪಸ್ ಬರದಿದ್ದರೂ ಮನಸ್ತಾಪ ಆಗದಷ್ಟು ಮಾತ್ರ ಕೊಡಿ. ಜಾಮೀನಿಗೆ ಸಹಿ ಹಾಕುವ ಮೊದಲು ಜ್ಞಾನೋಕ್ತಿ 22:26-27 ನೋಡಿ. ಮಲಗುವ ಹಾಸಿಗೆಯನ್ನೂ ಎಳೆದುಕೊಂಡು ಹೋದಾರು ಅಂತ ಎಚ್ಚರಿಕೆ ಇದೆ. ಸಂಘದ ಸಾಲದಲ್ಲಿ ಬೇರೆಯವರ ಕಂತು ಕಟ್ಟಿ ಕಟ್ಟಿ ತಾಳಿ ಅಡ ಇಟ್ಟವರಿಗೆ ಇದು ಅರ್ಥ ಆಗುತ್ತದೆ. ಕುಡಿಯುವವನ ಕೈಗೆ ದುಡ್ಡು ಕೊಡೋದು ತ್ಯಾಗ ಅಲ್ಲ. ಅವನ ಮಕ್ಕಳ ಫೀಸು ನೇರವಾಗಿ ಶಾಲೆಯಲ್ಲಿ ಕಟ್ಟಿ.

ನಾಲ್ಕನೇ ಹೆಜ್ಜೆ: ಪಾಲು ಮಾಡುವಾಗ ಬಲ ಇದ್ದವರು ಮೊದಲು ಬಿಡಬೇಕು

ಇದು ಎಲ್ಲಕ್ಕಿಂತ ಕಠಿಣ. ಆದಿಕಾಂಡ 13ರಲ್ಲಿ ಅಬ್ರಾಮನ ದನ ಕಾಯುವವರಿಗೂ ಅವನ ಸಹೋದರನ ಮಗ ಲೋಟನ ದನ ಕಾಯುವವರಿಗೂ ಜಗಳ ಬಂತು. ಅಬ್ರಾಮ ಹಿರಿಯ, ಮೊದಲು ಆರಿಸುವ ಹಕ್ಕು ಅವನದು. ಅವನು ‘ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ’ ಅಂದ. ಲೋಟ ನೀರಿರುವ ಕಡೆ ತೆಗೆದುಕೊಂಡ. ಮುಂದಿನ ಅಧ್ಯಾಯದಲ್ಲಿ ಅದೇ ಲೋಟನನ್ನು ಶತ್ರುಗಳು ಹಿಡಿದೊಯ್ದಾಗ ಅಬ್ರಾಮ 318 ಜನರನ್ನು ಕಟ್ಟಿಕೊಂಡು ಬಿಡಿಸಿ ತಂದ. ‘ಒಳ್ಳೆ ಹೊಲ ತಗೊಂಡಿದ್ದಿಯಲ್ಲ, ಈಗ ಅನುಭೋಗಿಸು’ ಅನ್ನಲಿಲ್ಲ.

ಗಮನಿಸಿ, ಬಿಟ್ಟುಕೊಟ್ಟದ್ದು ಹಿರಿಯ. ನಮ್ಮ ಮನೆಗಳಲ್ಲಿ ಬಿಟ್ಟುಕೊಡು ಅಂತ ಹೇಳೋದು ಯಾರಿಗೆ? ತಂಗಿಗೆ. ‘ನೀನು ವಿಶ್ವಾಸಿ, ಆಸ್ತಿ ಆಸೆ ಯಾಕೆ? ಅಣ್ಣಂದಿರ ಪ್ರೀತಿ ಬೇಡವಾ?’ ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಒಂದು ಸೀರೆ ಉಡಿಸಿ ಕಳಿಸುತ್ತಾರೆ. ಕೆಲವು ಸಲ ಪ್ರಾರ್ಥನೆ ಮಾಡಿಸಿ ಸಹಿ ಹಾಕಿಸುತ್ತಾರೆ! ಇದನ್ನು ನಿಸ್ವಾರ್ಥ ಅನ್ನಲು ನನ್ನಿಂದಾಗದು. ಇನ್ನೊಬ್ಬರ ಕೈಯಿಂದ ಮಾಡಿಸಿದ ತ್ಯಾಗ ನಮ್ಮ ಸ್ವಾರ್ಥ ಅಷ್ಟೇ.

ಕಾನೂನು ಏನು ಹೇಳುತ್ತದೆ? ಕ್ರೈಸ್ತರು ವಿಲ್ ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ತಂದೆ ತೀರಿಕೊಂಡು ತಾಯಿ ಮತ್ತು ಮಕ್ಕಳಿದ್ದರೆ ತಾಯಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ ಸಮ, ಗಂಡು ಹೆಣ್ಣು ಭೇದ ಇಲ್ಲ. ಕೆಲ ಮನೆಗಳಲ್ಲಿ ಯಾವ ಕಾಯ್ದೆ ಹತ್ತುತ್ತದೆ ಅನ್ನೋದೇ ಗೊಂದಲ, ವಕೀಲರನ್ನು ಕೇಳಿ. ಹಿಂದೂ ಕಾಯ್ದೆಯೇ ಆದರೂ 2005ರ ತಿದ್ದುಪಡಿ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಅಣ್ಣಂದಿರು ಮಾಡಬೇಕಾದ್ದು ಹೀಗೆ. ಸಹಿ ಕೇಳುವ ಮೊದಲು ತಂಗಿಯ ಪಾಲು ಎಷ್ಟು ಅಂತ ಕಾಗದದ ಮೇಲೆ ಬರೆದು ಅವಳ ಕೈಗೆ ಕೊಡಿ. ತಾಯಿಯ ಪಾಲನ್ನೂ ಬರೆಯಿರಿ. ಯೋಚನೆ ಮಾಡಲು ಟೈಮ್ ಕೊಡಿ. ಆಮೇಲೂ ಅವಳು ತಾನಾಗಿ ‘ಬ್ಯಾಡಣ್ಣಾ, ನೀವೇ ಇಟ್ಕೋರಿ’ ಅಂದರೆ ಅದು ಅವಳ ದೊಡ್ಡತನ. ಬೇಕು ಅಂದರೆ ಕೊಡಿ, ರೊಟ್ಟಿ ಮುರಿಯುವ ಸಂಬಂಧ ಮುರಿಯಬೇಡಿ.

ಐದನೇ ಹೆಜ್ಜೆ: ಕುರ್ಚಿ

ಸಭೆಯ ಕಮಿಟಿ ಚುನಾವಣೆ ಬಂದಾಗ ಕೆಲವು ಕಡೆ, ಎಲ್ಲರೂ ಒಂದೇ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದ ದಿನವೂ ಎರಡು ಗುಂಪು ಎರಡು ಕಡೆ ಕೂರುತ್ತವೆ. ಯೋಹಾನನ ಮೂರನೇ ಪತ್ರದ 9ನೇ ವಚನದಲ್ಲಿ ದಿಯೊತ್ರೇಫ ಅನ್ನುವವನಿದ್ದಾನೆ. ಅವನ ಬಗ್ಗೆ ಬರೆದಿರೋ ಮುಖ್ಯ ವಿಷಯ ಎಂದರೆ ಎಲ್ಲರಿಗಿಂತ ಮುಂದೆ ಇರಬೇಕು ಅನ್ನೋ ಹುಚ್ಚು. ಪದವಿ ಇರುವವರಿಗೆ ಸಲಹೆ ಸಣ್ಣದು: ಅವಧಿ ಮುಗಿದ ದಿನವೇ ಲೆಕ್ಕದ ಪುಸ್ತಕ, ರಸೀದಿ ಬುಕ್ಕು, ಬೀಗದ ಕೈ ಕೊಟ್ಟುಬಿಡಿ. ಮುಂದಿನವರಿಗೆ ಕೆಲಸ ಹೇಳಿಕೊಡಿ. ಆಮೇಲೆ ಹಿಂದಿನ ಸಾಲಿನಲ್ಲಿ ಕೂತು, ಮುಂಚಿನಷ್ಟೇ ಕಾಣಿಕೆ ಹಾಕಿ.

ಇಲ್ಲೇ ನಿಷ್ಠೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಸಭೆಗೆ ನಿಷ್ಠೆ’ ಅಂದರೆ ತಪ್ಪು ಮುಚ್ಚಿಡೋದು ಅಂತ ಬಹಳ ಜನ ತಿಳಿದಿದ್ದಾರೆ. ಪ್ರವಾದಿ ನಾತಾನ ತಪ್ಪು ಮಾಡಿದ ರಾಜ ದಾವೀದನ ಮುಖದ ಮೇಲೆ ‘ಆ ಮನುಷ್ಯ ನೀನೇ’ ಅಂದ. ಪೌಲ ಪೇತ್ರನ ತಪ್ಪನ್ನು ಎಲ್ಲರ ಎದುರೇ ಕೇಳಿದ (ಗಲಾತ್ಯ 2:11-14). ಇಬ್ಬರೂ ದ್ರೋಹಿಗಳಲ್ಲ. ಹಣದ ಲೆಕ್ಕ ಸರಿ ಇಲ್ಲದಿದ್ದರೆ ಮೊದಲು ಒಬ್ಬರೇ ಹೋಗಿ ಕೇಳಿ, ಆಮೇಲೆ ಇಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಗೆ ಹೇಳಿ. ಈ ಕ್ರಮ ಮತ್ತಾಯ 18ರಲ್ಲಿದೆ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಈ ಕ್ರಮಕ್ಕೆ ಕಾಯಬೇಡಿ. ಕಮಿಟಿಯಲ್ಲಿ ರಾಜಿ ಪಂಚಾಯ್ತಿ ಬೇಡ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸೋದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಸಭೆಯ ಮರ್ಯಾದೆ ಆಮೇಲೆ ನೋಡಿಕೊಳ್ಳೋಣ.

ಸುಸ್ತಾದಾಗ

ಎಲ್ಲರ ಕೆಲಸ ಒಬ್ಬರೇ ಮಾಡೋರು ಪ್ರತಿ ಸಭೆಯಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಹೆಚ್ಚಾಗಿ ಹೆಂಗಸರು. ಪಾಸ್ಟರಮ್ಮ ಅಂತೂ ಸರಿಯೇ ಸರಿ. ಗಲಾತ್ಯ 6:2 ಒಬ್ಬರ ಭಾರ ಒಬ್ಬರು ಹೊರಿ ಅನ್ನುತ್ತದೆ. ಮೂರು ವಚನ ಆದ ಮೇಲೆ ಅವರವರ ಹೊರೆ ಅವರವರೇ ಹೊರಬೇಕು ಅನ್ನುತ್ತದೆ. ಎರಡೂ ಬೇಕು. ಗಟ್ಟಿಮುಟ್ಟಾಗಿರುವ ಮೈದುನನ ಬಟ್ಟೆ ಒಗೆಯೋದು ಭಾರ ಹೊರುವುದಲ್ಲ. ‘ಇವತ್ತು ಆಗಲ್ರಿ, ಶನಿವಾರ ಬರ್ತೀನಿ’ ಅಂತ ಹೇಳಲು ಕಲಿಯಿರಿ. ಹೇಳಿದ ಮೇಲೆ ಶನಿವಾರ ಹೋಗಿ. ಪ್ರವಾದಿ ಎಲೀಯ ಸಾಯುವಷ್ಟು ಬೇಸತ್ತಾಗ ದೇವದೂತ ಉಪದೇಶ ಮಾಡಲಿಲ್ಲ, ರೊಟ್ಟಿ ತಿನ್ನಿಸಿ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ.

ಕೊನೆಯ ಹೆಜ್ಜೆ: ಕೇಳುವವರು ಇರಲಿ

ಒಬ್ಬರೇ ಮಾಡಿದರೆ ಇದು ಬಹಳ ದಿನ ನಡೆಯೋದಿಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟರ ಪ್ರಾರ್ಥನಾ ಮಂದಿರದ ಸಾಲ ತೀರಿಸೋದು ಹೇಗೆ ಅಂತ ಮಾತಾಡುವಾಗ ಒಬ್ಬ ಕ್ಯಾಪ್ಟನ್, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ (ಸಣ್ಣ ನಾಣ್ಯ) ಕೊಡಲಿ ಅಂದ. ಬಡವರಿಗೆ ಅದೂ ಆಗದು ಅಂತ ಬೇರೆಯವರು ಹೇಳಿದರು. ‘ಹಾಗಾದರೆ ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ. ಅವರು ಕೊಟ್ಟರೆ ಸರಿ, ಇಲ್ಲದಿದ್ದರೆ ಅವರದ್ದೂ ನಾನೇ ಹಾಕುತ್ತೇನೆ’ ಅಂದ. ವಾರ ವಾರ ಮನೆಗೆ ಹೋಗಿ ಪೆನ್ನಿ ಕೇಳುವಾಗ ಯಾರ ಮನೆಯಲ್ಲಿ ಏನು ಕಷ್ಟ ಅನ್ನೋದು ಗೊತ್ತಾಗತೊಡಗಿತು. ಮೆಥೊಡಿಸ್ಟರ ಕ್ಲಾಸ್ ಮೀಟಿಂಗ್, ಅಂದರೆ ಸುಮಾರು ಹನ್ನೆರಡು ಜನರ ವಾರದ ಕೂಟ, ಹುಟ್ಟಿದ್ದು ಹೀಗೆ. ಸಾಲದ ಮಾತಿನಿಂದ!

ನಿಮ್ಮ ಓಣಿಯಲ್ಲಿ ಇಂಥದ್ದೊಂದು ಮಾಡಿ. ವಾರಕ್ಕೊಮ್ಮೆ ಮುಕ್ಕಾಲು ತಾಸು ಸಾಕು. ಹಾಡು ಒಂದೇ ಇರಲಿ. ಆಮೇಲೆ ಒಬ್ಬೊಬ್ಬರನ್ನೂ ಕೇಳಿ: ಈ ವಾರ ಯಾರ ಮನೆಗೆ ಹೋಗಿದ್ದಿರಿ? ಯಾರ ದುಡ್ಡು ಕೊಡೋದಿದೆ? ಯಾರ ಜೊತೆ ಮಾತು ಬಿಟ್ಟಿದ್ದೀರಿ? ಅಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಹೋಗಿದೆ ಅಂತ ತಿಳಿದರೆ ಮುಂದಿನ ವಾರ ಮೊದಲು ಅದನ್ನೇ ಇತ್ಯರ್ಥ ಮಾಡಿ, ಇಲ್ಲದಿದ್ದರೆ ಯಾರೂ ಬಾಯಿ ಬಿಡೋದಿಲ್ಲ.

ಹನ್ನೆರಡು ಜನ ಸಿಗದಿದ್ದರೆ ನಾಲ್ಕು ಜನ ಸಾಕು. ಒಂದೇ ಮನೆತನದವರನ್ನೇ ತುಂಬಬೇಡಿ. ಹೆಣ್ಣುಮಕ್ಕಳು ಬೇರೆ ಕೂರುತ್ತೇವೆ ಅಂದರೆ ಕೂರಲಿ. ಕೂಲಿಗೆ ಹೋಗುವವರಿಗೆ ಸಂಜೆ 7ರೊಳಗೆ ಆಗೋದಿಲ್ಲ, ಟೈಮ್ ಅವರನ್ನೇ ಕೇಳಿ ಇಡಿ. ಚಹಾದ ಖರ್ಚನ್ನು ಪ್ರತಿ ವಾರ ಆ ಮನೆಯವರ ಮೇಲೇ ಹಾಕಬೇಡಿ.